ಕೊನೆಯಲ್ಲೊಂದು 'ವಾ'

"ಆರಿಸ್ರೀ! ಮೊದಲು ಆ ಬೆಂಕಿ ಆರಿಸಿ!"

ಬ್ರೀನಾ ಓಡಿಬಂದ ರಭಸಕ್ಕೆ ತಲೆಯ ಹೆಲ್ಮೆಟ್ ಜಾರಿ ಕಣ್ಣಿಗೇ ಬಿದ್ದಿತು. ಅದನ್ನು ಮೇಲೆ ತಳ್ಳಿ ನೋಡಿದರೆ... ಪರೀಕ್ಷಾಲಯದ ಕುಲುಮೆಯ ಗಾಜಿನ ಕಿಂಡಿಯೊಳಗೆ ಅವಳ ಮುದ್ದಿನ ಹಲಗೆ ಧಗಧಗ ಉರಿಯುತ್ತಿತ್ತು.

ಕುಲುಮೆಯ ಮುಂದೆ ನಿಂತಿದ್ದ ಎತ್ತರದ ಗಂಡಸು ಸೇಬು ತಿನ್ನುತ್ತಿದ್ದ. ತಿರುಗಿಯೂ ನೋಡಲಿಲ್ಲ.

"ಒಂದು ಗಂಟೆ ಉರಿಯಬೇಕು ಮೇಡಂ. ಈಗಷ್ಟೇ ಶುರುವಾಗಿದೆ."

"ಅಯ್ಯೋ, ಅದು ಸುಡೋಕೆ ತಂದಿದ್ದಲ್ಲ ಕಣ್ರೀ! ತೋರಿಸೋಕೆ ತಂದಿದ್ದು! ಸುಡೋದು ಅಲ್ಲಿ ಗೋಡೆಗೆ ಒರಗಿದೆ, ಕಣ್ಣು ಕಾಣಲ್ವಾ?"

ಈಗ ತಿರುಗಿದ. ಗೋಡೆಗೆ ಒರಗಿದ್ದ ಬೆಳ್ಳನೆಯ ಹಲಗೆಯನ್ನು ನೋಡಿದ. ಕುಲುಮೆಯನ್ನು ನೋಡಿದ. ಬಾಯಲ್ಲಿದ್ದ ಸೇಬನ್ನು ಹಾಗೇ ನುಂಗಿದ.

"ಒಂದು ಬೆಳ್ಳಗೆ ಚೆನ್ನಾಗಿತ್ತು. ಇನ್ನೊಂದರ ತುಂಬ ನೀಲಿ ಕಲೆ. ಚೆನ್ನಾಗಿರೋದನ್ನ ಯಾರಾದ್ರೂ ಸುಡ್ತಾರಾ ಅಂತ..."

"ನೀಲಿದೇ ರೀ ಚೆನ್ನಾಗಿರೋದು!"

ಹೇಳುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಬಂದೇ ಬಿಟ್ಟಿತು. ಛೇ, ಗುರುತು ಪರಿಚಯವಿಲ್ಲದ ಗಂಡಸಿನ ಎದುರು, ಅದೂ ಒಂದು ಹಲಗೆಗೋಸ್ಕರ!

ಆದರೆ ಅದು ಬರೀ ಹಲಗೆಯಾಗಿರಲಿಲ್ಲ ನೋಡಿ. ಸ್ಲೊವೇನಿಯಾದ ಪೊಹೋರ್ಯೆ ಬೆಟ್ಟದ ಬುಡದಲ್ಲಿರುವ ಅರಣ್ಯ ಕಾಲೇಜಿಗೆ ಹೊಸ ಕಟ್ಟಡ ಬೇಕಾಗಿತ್ತು. ಅದರ ನಕ್ಷೆ ಮಾಡಿದವಳು ಬ್ರೀನಾ, ರಾಜಧಾನಿ ಲ್ಯುಬ್ಲ್ಯಾನಾದ ಆರ್ಕಿಟೆಕ್ಟ್. ಸಿಮೆಂಟಿನ ಬದಲು ಮೂರು ಮಹಡಿಯೂ ಮರದ್ದೇ. ಕಾಲೇಜಿನ ಸ್ವಂತ ಕಾಡಿನಲ್ಲಿ ತೊಗಟೆ ಹುಳು ಬಿದ್ದು ಒಣಗಿ ನಿಂತಿದ್ದ ಸ್ಪ್ರೂಸ್ ಮರಗಳನ್ನು ಕಡಿಸಿ, ಹಲಗೆ ಸೀಳಿಸಿ, ಅವನ್ನು ಅಡ್ಡ-ಉದ್ದ ಪದರ ಪದರವಾಗಿ ಅಂಟಿಸಿ ಗೇಣು ದಪ್ಪದ ಗೋಡೆ, ಛಾವಣಿ ಮಾಡುವ ಯೋಜನೆ.

ಹುಳು ಬಿದ್ದ ಮರಕ್ಕೆ ನೀಲಿ ಬಣ್ಣ ಏರುತ್ತದೆ. ಮರದ ಬಲ ಅದರಿಂದ ಕುಂದುವುದಿಲ್ಲ, ಆದರೆ ನೋಡಿದವರು ಮೂಗು ಮುರಿಯುತ್ತಾರೆ. ಕಾಲೇಜಿನ ಡೀನ್ ಸಾಹೇಬರಂತೂ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದರು. "ಕೊಳೆತ ಮರ ಅಂದ್ಕೋತಾರಮ್ಮ ಜನ. ಜಿಪ್ಸಮ್ ಹಲಗೆ ಹೊಡೆದು ಎಲ್ಲಾ ಮುಚ್ಚಿಬಿಡು."

ಮುಚ್ಚುವುದೇ? ಸತ್ತ ಕಾಡಿಗೆ ಇನ್ನೊಂದು ಬಾಳು ಕೊಡಬೇಕೆಂದು ಹೊರಟವಳು ಅವಳು. ಬೆಂಕಿಯ ಪರೀಕ್ಷೆಯಲ್ಲಿ ಮರ ಗೆದ್ದರೆ, ನೀಲಿ ಬಣ್ಣ ಕಣ್ಣಿಗೆ ಹಿತವಾಗಿದ್ದರೆ, ಛಾವಣಿಯನ್ನು ಬರಿದಾಗಿಯೇ ಬಿಡಬಹುದು ಎಂದು ಡೀನ್ ಕೊನೆಗೂ ಒಪ್ಪಿದ್ದರು. ಅವರಿಗೆ ತೋರಿಸಲೆಂದೇ ನೂರಾರು ಹಲಗೆಗಳಲ್ಲಿ ಹುಡುಕಿ ಆರಿಸಿದ್ದ ತುಂಡು ಅದು.

ಅದಕ್ಕೇ ಬೆಂಕಿ ಇಟ್ಟಿದ್ದ, ಬೆಂಕಿ ಸುರಕ್ಷತೆಯ ಇಂಜಿನಿಯರ್ ಗಾಶ್ಪೆರ್!

ಒಂದು ಗಂಟೆ ಕಳೆಯಿತು. ಕುಲುಮೆ ಆರಿದ ಮೇಲೆ ಗಾಶ್ಪೆರ್ ಇದ್ದಿಲಾದ ಹಲಗೆಯನ್ನು ಹೊರಗೆಳೆದು, ನೀರು ಚಿಮುಕಿಸಿ, ಉಳಿಯಿಂದ ಮೆಲ್ಲಗೆ ಕೆರೆಯತೊಡಗಿದ. ಎರಡು ಬೆರಳಿನಷ್ಟು ಕಪ್ಪು ಉದುರಿತು. ಅದರ ಕೆಳಗೆ... ಹಾಲಿನಂಥ ಬಿಳುಪು. ಬಿಳುಪಿನ ನಡುವೆ ನೀಲಿ ಗೆರೆಗಳು, ಇದ್ದ ಹಾಗೇ!

ಅವನು ಕೆರೆಯುವುದನ್ನು ನಿಲ್ಲಿಸಿದ. ಹೆಬ್ಬೆರಳಿನಿಂದ ಒಂದು ಗೆರೆಯನ್ನು ಸವರಿದ.

"ಹೊರಗೆ ಕಪ್ಪು ಕಟ್ಟಿತಲ್ಲ, ಅದೇ ಒಳಗಿನದಕ್ಕೆ ಕಂಬಳಿ. ಬೆಂಕಿಗೆ ಒಳಗೆ ಹೋಗೋಕೆ ಬಿಡಲಿಲ್ಲ," ಎಂದವನು ತಲೆ ಎತ್ತಿದ. "ಕ್ಷಮಿಸಿ. ಚೆನ್ನಾಗಿರೋದು ಯಾವುದು ಅಂತ ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ."

*ಇವನ ಮೇಲೆ ಸಿಟ್ಟು ಮಾಡ್ಕೋಬೇಕು,* ಎಂದುಕೊಂಡಳು ಬ್ರೀನಾ. *ಸರಿಯಾಗಿ ಮಾಡ್ಕೋಬೇಕು.*

ಆಗಲೇ ಇಲ್ಲ.

ಮಧ್ಯಾಹ್ನ ಡೀನ್ ಬಂದಾಗ ಅವರಿಗೆ ತೋರಿಸಿದ್ದು ಆ ಸುಟ್ಟ ತುಂಡನ್ನೇ. ತೋರಿಸಿದವನೂ ಗಾಶ್ಪೆರ್. "ಸರ್, ಬೆಂಕಿಗೇ ಹೆದರದ ನೀಲಿ ಇದು. ನಾವು ಹೆದರೋದೇಕೆ?" ಎಂದ. ಡೀನ್ ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಹೂಂಗುಟ್ಟಿದರು. ಛಾವಣಿ ಉಳಿಯಿತು!

ಆ ಸಂತೋಷದಲ್ಲಿ ಸುಟ್ಟ ತುಂಡು ಎಲ್ಲಿ ಹೋಯಿತೆಂದು ಬ್ರೀನಾ ಕೇಳಲೇ ಇಲ್ಲ.

*

ಬೇಸಿಗೆಯಲ್ಲಿ ಕಟ್ಟಡ ಏಳತೊಡಗಿತು. ದಿನಕ್ಕೊಂದು ಗೋಡೆ ಲಾರಿಯಲ್ಲಿ ಬಂದು ಇಳಿಯುವುದು, ಕ್ರೇನು ಎತ್ತುವುದು, ಬಡಗಿಗಳು ಸ್ಕ್ರೂ ಬಿಗಿಯುವುದು. ಇಡೀ ಆವರಣದಲ್ಲಿ ಅಂಟಿನ, ರಾಳದ ವಾಸನೆ. ಬ್ರೀನಾ ಊರಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಳು. ವಾರಕ್ಕೊಮ್ಮೆ ಬಂದರೆ ಸಾಕಾಗಿದ್ದ ಬೆಂಕಿಯ ಇಂಜಿನಿಯರ್ ಮಾತ್ರ ದಿನ ಬಿಟ್ಟು ದಿನ ಹಾಜರಾಗುತ್ತಿದ್ದ.

"ಏನಪ್ಪಾ, ಎಲ್ಲಿಯಾದ್ರೂ ಹೊಗೆ ಕಂಡಿತಾ?" ಎಂದು ಕೆಣಕುತ್ತಿದ್ದ ಲೋಯ್ಜೆ ಮೇಸ್ತ್ರಿ, ಬಡಗಿಗಳ ಮುಖ್ಯಸ್ಥ. ಹಂಡೆಯಂಥ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ.

"ಮುಂಜಾಗ್ರತೆ ಮೇಸ್ತ್ರಿ."

"ಹೌದೌದು. ನೀನು ಯಾವ ಕಡೆ ನೋಡ್ತಾ ಜಾಗ್ರತೆ ಮಾಡ್ತೀಯ ಅಂತ ನಮಗೂ ಕಾಣುತ್ತೆ ಬಿಡು."

ಸೆಪ್ಟೆಂಬರ್ ಬಂತು, ಅಣಬೆಯ ಕಾಲ. ಬಡಗಿಗಳು ಬೆಳಗಿನ ಜಾವವೇ ಕಾಡು ಹೊಕ್ಕು ಬುಟ್ಟಿ ತುಂಬಿಸಿಕೊಂಡು ಬಂದು, ಹತ್ತು ಗಂಟೆಯ ಊಟಕ್ಕೆ ದೊಡ್ಡ ಪಾತ್ರೆಯಲ್ಲಿ ಅಣಬೆ ಸೂಪು ಕುದಿಸುವರು. ಬ್ರೀನಾ ಒಬ್ಬಳೇ ಒಣ ಬ್ರೆಡ್ಡು ಕಚ್ಚುತ್ತ ಕೂರುವಳು. ಅಣಬೆ ಬಾಯಿಗಿಟ್ಟರೆ ಸಾಕು, ಅವಳ ಮೈಯೆಲ್ಲ ದದ್ದು ಏಳುತ್ತಿತ್ತು.

"ಅಣಬೆ ತಿನ್ನದ ಸ್ಲೊವೇನಿಯಾದ ಹುಡುಗಿ!" ಲೋಯ್ಜೆ ಹಣೆ ಚಚ್ಚಿಕೊಂಡ. "ಪಾಸ್‌ಪೋರ್ಟ್ ತೋರಿಸಮ್ಮ ಸ್ವಲ್ಪ, ಅನುಮಾನ ಬರ್ತಿದೆ."

ಎಲ್ಲರೂ ನಕ್ಕರು. ಗಾಶ್ಪೆರ್ ನಗಲಿಲ್ಲ. ತನ್ನ ಡಬ್ಬಿಯ ಚೀಸು, ಮೊಟ್ಟೆಯನ್ನು ಅವಳ ಮುಂದಿಟ್ಟು, ಅವಳ ಪಾಲಿನ ಸೂಪನ್ನು ತನ್ನತ್ತ ಎಳೆದುಕೊಂಡ. ಮರುದಿನವೂ ಹಾಗೆಯೇ ಮಾಡಿದ. ಅದರ ಮರುದಿನ ಅವನ ಡಬ್ಬಿಯಲ್ಲಿ ಎರಡು ಮೊಟ್ಟೆಗಳಿದ್ದವು.

"ಬ್ರೀನಾ... ಈ 'ನೀವು, ತಾವು' ಎಲ್ಲಾ ಇನ್ನೂ ಎಷ್ಟು ದಿನ?" ಎಂದು ಕೇಳಿದ ಅಂದು, ಮೊಟ್ಟೆಯ ಸಿಪ್ಪೆ ಬಿಡಿಸುತ್ತ.

"ನೀನು ಹೇಳಿದಷ್ಟು ದಿನ," ಎಂದುಬಿಟ್ಟಳು. ಹೇಳಿದ ಮೇಲೆ ಅವಳ ಕಿವಿ ಕೆಂಪಾಯಿತು!

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಕನ್ನಡದಲ್ಲಿ 'ಹೋಗೋಣ' ಎಂದರೆ ಇಬ್ಬರಾದರೂ ಸೈ, ಇಡೀ ಊರೇ ಆದರೂ ಸೈ. ಇಷ್ಟು ವರ್ಷದಿಂದ ನಾನು ಬಾಳುತ್ತಿರುವ ಈ ನಾಡಿನಲ್ಲಿ ಹಾಗಲ್ಲ. ಮೂರು ಜನರೋ ಹೆಚ್ಚೋ ಆದರೆ 'ಗ್ರೇಮೋ'. ಇಬ್ಬರೇ ಆದರೆ 'ಗ್ರೇವಾ'. ಬರುತ್ತೇವೆ, ತಿನ್ನುತ್ತೇವೆ, ಇರುತ್ತೇವೆ... ಯಾವುದೇ ಇರಲಿ, ಮಾತಿನ ಕೊನೆಯಲ್ಲಿ 'ವಾ' ಬಂತೆಂದರೆ ಇಬ್ಬರೇ, ಮೂರನೆಯವರಿಗೆ ಜಾಗವಿಲ್ಲ.

ಒಂದು ಸಂಜೆ ಕೆಲಸ ಮುಗಿದ ಮೇಲೆ ಗಾಶ್ಪೆರ್ ಅವಳ ಹತ್ತಿರ ಬಂದು, ಕೈಯಲ್ಲಿದ್ದ ಹೆಲ್ಮೆಟ್ಟನ್ನು ತಿರುಗಿಸುತ್ತ ಕೇಳಿದ.

"ಕಾಫಿಗೆ... ಗ್ರೇವಾ?"

ಅವಳು ತಟ್ಟನೆ ನಕ್ಷೆ ಮಡಚಿದಳು. ಬಾಯಿ ತೆರೆಯುವಷ್ಟರಲ್ಲಿ ಏಣಿಯ ಮೇಲಿನಿಂದ ಲೋಯ್ಜೆಯ ದನಿ! "ಕಾಫಿನಾ? ಗ್ರೇಮೋ, ಗ್ರೇಮೋ! ನಾನೂ ಬಂದೆ!"

ಮೂವರೂ ಹೋದರು. ಲೋಯ್ಜೆ ತನ್ನ ಮಂಡಿ ನೋವಿನ ಕಥೆಯನ್ನು ಮೊದಲಿಂದ ಕೊನೆವರೆಗೆ ಹೇಳಿದ. ಮೇಜಿನ ಆಚೆಯಿಂದ ಗಾಶ್ಪೆರ್ ಅವಳನ್ನು ನೋಡಿ ಅಸಹಾಯಕನಾಗಿ ನಕ್ಕ. ಆ ನಗುವನ್ನು ನೆನೆದು ಬ್ರೀನಾ ರಾತ್ರಿಯೆಲ್ಲ ಹೊರಳಾಡಿದಳು. *ಹೌದು, ನನಗೆ ಇವನು ಬೇಕು. ಈ ಕಟ್ಟಡ ಮುಗಿದರೂ ಇವನು ಮುಗಿಯಬಾರದು.*

*

ಅದಾಗಿ ವಾರ ಕಳೆದಿತ್ತು. ಎರಡು ಲೋಟ ಕಾಫಿ ಹಿಡಿದು ಅವಳೇ ಅವನನ್ನು ಹುಡುಕುತ್ತ ಹೊರಟಳು. ಇವತ್ತು ಲೋಯ್ಜೆ ಮೇಸ್ತ್ರಿ ಆಸ್ಪತ್ರೆಗೆ ಹೋಗಿದ್ದಾನೆ. ಇವತ್ತು ನಾನೇ ಕೇಳ್ತೀನಿ!

ಅಟ್ಟಿ ಒಟ್ಟಿದ್ದ ಹಲಗೆಗಳ ಹಿಂದೆ ಅವನ ದನಿ ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದ.

"ಹೂಂ ಕಣಮ್ಮ... ಶನಿವಾರ ಪ್ರಿದೇವಾ. ಖಂಡಿತ ಪ್ರಿದೇವಾ!"

ಎಂದರೆ, ಶನಿವಾರ ನಾವಿಬ್ಬರೂ ಬರ್ತೀವಿ.

"ನೀನೇ ನೋಡ್ತೀಯಲ್ಲ ಅವಳನ್ನ. ನೋಡಿದ್ರೆ ನಿನಗೂ ಹಿಡಿಸ್ತಾಳೆ," ಎಂದು ನಗುತ್ತಿದ್ದ. ಅಷ್ಟು ಮೃದುವಾದ ನಗುವನ್ನು ಬ್ರೀನಾ ಎಂದೂ ಕೇಳಿರಲಿಲ್ಲ.

ಕಾಫಿ ತುಳುಕಿ ಕೈ ಸುಟ್ಟಿತು. ಅದರ ಅರಿವೂ ಇಲ್ಲದೆ ಅವಳು ಹಿಂದಿರುಗಿ ನಡೆದಳು.

*ಅವನಿಗೊಬ್ಬಳಿದ್ದಾಳೆ. ಅಮ್ಮನ ಮನೆಗೆ ಕರ್ಕೊಂಡು ಹೋಗುವಷ್ಟು ಹತ್ತಿರದವಳು. ನಾನು? ನಾನು ಒಂದು ಬೇಯಿಸಿದ ಮೊಟ್ಟೆಗೆ ಮನಸ್ಸು ಕೊಟ್ಟ ದಡ್ಡಿ!*

ಮರುದಿನ ಗಾಶ್ಪೆರ್ ಬಂದಾಗ ಅವಳು ನಕ್ಷೆಯಿಂದ ಕಣ್ಣು ಕೀಳಲಿಲ್ಲ.

"ಮೆಟ್ಟಿಲ ಪಕ್ಕದ ಗೋಡೆ ಬಗ್ಗೆ ನಿಮ್ಮ ವರದಿ ಬಂತು. ಥ್ಯಾಂಕ್ಸ್."

"ನಿಮ್ಮ?" ಅವನು ಬೆಚ್ಚಿದ. ಬೆಂಕಿ ಬಿದ್ದರೆ ಮಕ್ಕಳು ಇಳಿದು ಓಡುವ ದಾರಿಯೆಂದು, ಅದೊಂದು ಗೋಡೆಯನ್ನು ಮಾತ್ರ ಮುಚ್ಚಲೇಬೇಕೆಂದು ಅವನು ಬರೆದಿದ್ದ. "ಬ್ರೀನಾ, ಆ ಗೋಡೆ ವಿಷಯಕ್ಕೆ ಕೋಪಾನಾ? ಅದು ಬಿಟ್ಟು ಬೇರೆ ದಾರಿ ಇರಲಿಲ್ಲ, ಆಣೆಗೂ!"

"ಕೋಪ ಯಾಕೆ? ನೀವು ನಿಮ್ಮ ಕೆಲಸ ಮಾಡಿದ್ದೀರಿ."

"ನಾನು ನಿನ್ನ ಹತ್ರ ಇನ್ನೇನೋ ಕೇಳಬೇಕು ಅಂತ..."

"ಕೆಲಸದ ವಿಷಯ ಆದ್ರೆ ಈಮೇಲ್ ಮಾಡಿ."

ಅವನು ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟು ಹೊರಟುಹೋದ. ಒಳಗೆ ಎರಡು ಮೊಟ್ಟೆಗಳಿದ್ದವು. ಬ್ರೀನಾ ಬಾಗಿಲು ಹಾಕಿಕೊಂಡು ಅತ್ತಳು.

ಅಂದೇ ಲ್ಯುಬ್ಲ್ಯಾನಾದ ಕಚೇರಿಗೆ ಫೋನು ಮಾಡಿದಳು. ಛಾವಣಿ ಏರುವವರೆಗೆ ಇರುತ್ತೇನೆ, ಉಳಿದದ್ದನ್ನು ಬೇರೆಯವರಿಗೆ ಒಪ್ಪಿಸಿ, ನನಗೆ ದೂರದ ಯಾವುದಾದರೂ ಕೆಲಸ ಕೊಡಿ. ಅವರು ಒಪ್ಪಿದರು. ಛಾವಣಿ ಏರುವ 'ಲಿಕೋಫ್' ದಿನ ಸಂಜೆಯ ರೈಲಿಗೆ ಟಿಕೆಟ್ ತೆಗೆದಳು. ಒಮ್ಮೆ ರೈಲು ಹತ್ತಿದರೆ ಅವನ ಮುಖ ಮತ್ತೆ ನೋಡಬೇಕಾಗಿಲ್ಲ. ಅದೇ ಅವಳಿಗೆ ಬೇಕಾಗಿದ್ದದ್ದು, ಅದೇ ಅವಳನ್ನು ಕೊಲ್ಲುತ್ತಿದ್ದದ್ದು.

*

ಲಿಕೋಫ್ ಎಂದರೆ ಛಾವಣಿ ಏರಿದ ದಿನ ಕೆಲಸದವರಿಗೆಲ್ಲ ಊಟ, ಕುಡಿತ, ಹಾಡು. ಕಟ್ಟಡದ ನೆತ್ತಿಯ ಮೇಲೆ ಬಣ್ಣದ ಕಾಗದದ ಪಟ್ಟಿಗಳನ್ನು ಕಟ್ಟಿದ ಪುಟ್ಟ ಸ್ಪ್ರೂಸ್ ಗಿಡ ನಿಲ್ಲಬೇಕು.

ಆ ಶುಕ್ರವಾರ ಬಿಸಿಲು ಬಿದ್ದಿತ್ತು. ಒಳಗಿನ ದೊಡ್ಡ ಸಭಾಂಗಣದಲ್ಲಿ ಡೀನ್ ಸಾಹೇಬರು ಅತಿಥಿಗಳಿಗೆ ಛಾವಣಿಯ ನೀಲಿ ಗೆರೆಗಳನ್ನು ತಾವೇ ಬಿಡಿಸಿದ ಹಾಗೆ ತೋರಿಸುತ್ತಿದ್ದರು. "ಮುಚ್ಚೋಣ ಅಂತ ಯಾರೋ ಅಂದಿದ್ರು, ನಾನು ಬಿಡಲಿಲ್ಲ!" ಬ್ರೀನಾಳಿಗೆ ನಗು ಬಂತು. ತನ್ನ ಕಾಡು ತಲೆಯ ಮೇಲೆ ಬರಿದಾಗಿ, ಚೆಂದವಾಗಿ ಹರಡಿತ್ತು. ಇನ್ನು ಹೊರಡಬಹುದು.

ಅಂಗಳಕ್ಕೆ ಬಂದಾಗ ಗಾಶ್ಪೆರ್ ಗಿಡವನ್ನು ಹೆಗಲಿಗೇರಿಸಿಕೊಂಡು ಛಾವಣಿಗೆ ಹತ್ತಿಯಾಗಿತ್ತು. ಲೋಯ್ಜೆ ಕಾಗದದ ಪಟ್ಟಿಗಳನ್ನು ಅವಳ ಕೈಗೆ ತುರುಕಿದ.

"ನಕ್ಷೆ ಮಾಡಿದವರೇ ಕಟ್ಟಬೇಕು. ನಮ್ಮ ತಂಡದ ರೀತಿ."

"ನನಗೆ ರೈಲಿದೆ ಮೇಸ್ತ್ರಿ..."

"ರೈಲು ಓಡಿಹೋಗಲ್ಲ. ಹತ್ತು!"

ಅಷ್ಟರಲ್ಲಿ ಊಟದ ಮೇಜಿನ ಮೇಲೆ ಯಾರೋ ಏನನ್ನೋ ಇಟ್ಟ ಸದ್ದಾಯಿತು. ತಲೆಗೆ ಬಟ್ಟೆ ಕಟ್ಟಿದ, ದುಂಡು ಮುಖದ ಹೆಂಗಸು. ವಾಲ್‌ನಟ್ ತುಂಬಿ ಸುತ್ತಿದ ಸಿಹಿ ಬ್ರೆಡ್ಡು ಪೊತಿತ್ಸಾವನ್ನು ಕತ್ತರಿಸಲು ಹೊರಟಿದ್ದಳು. ಬ್ರೀನಾಳ ಕಣ್ಣು ಪೊತಿತ್ಸಾದ ಕೆಳಗಿನ ಹಲಗೆಗೆ ನೆಟ್ಟಿತು.

ನುಣ್ಣಗೆ ಉಜ್ಜಿದ ಹಲಗೆ. ಬಿಳುಪಿನ ನಡುವೆ ನೀಲಿ ಗೆರೆಗಳು. ಒಂದು ಅಂಚು ಮಾತ್ರ ಇದ್ದಿಲಿನಂತೆ ಕಪ್ಪು.

"ಇದು... ಇದು ನಿಮ್ಮ ಹತ್ರ ಹೇಗೆ ಬಂತು?"

"ನನ್ನ ಮಗ ಮಾಡಿಕೊಟ್ಟಿದ್ದು. ಮೇಲೆ ಗಿಡ ಹಿಡ್ಕೊಂಡು ನಿಂತಿದ್ದಾನಲ್ಲ, ಅವನೇ." ಹೆಂಗಸು ಚಾಕು ಕೆಳಗಿಟ್ಟು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಾನು ಯೋಝಿತ್ಸಾ. ನೀನು ಬ್ರೀನಾ ತಾನೇ? ಅಲ್ಲಮ್ಮ, ಆ ಶನಿವಾರ ಯಾಕೆ ಬರಲಿಲ್ಲ? ಕೆಲಸ ಅಂತೆ, ಅದೆಂಥಾ ಕೆಲಸ? ಅಣಬೆ ಸೂಪು ಇಲ್ಲದೆ ಬಕ್‌ವೀಟ್ ಹಿಟ್ಟಿನ ಮುದ್ದೆ ನನ್ನ ಮನೆಯಲ್ಲಿ ಯಾವತ್ತೂ ಬಡಿಸಿದ್ದಿಲ್ಲ. ನಿನಗೆ ಅಣಬೆ ಆಗಲ್ಲ ಅಂತ ಅವನು ಹತ್ತು ಸಲ ಹೇಳಿದ. ನಿನಗೋಸ್ಕರ ಮೊಸರು ಹೆಪ್ಪು ಹಾಕಿ ಇಟ್ಟಿದ್ದೆ!"

ಬ್ರೀನಾ ಹಲಗೆಯನ್ನೊಮ್ಮೆ, ಆ ಹೆಂಗಸನ್ನೊಮ್ಮೆ ನೋಡಿದಳು.

"ಆ ಶನಿವಾರ... ಅವನ ಜೊತೆ ಬರಬೇಕಾಗಿದ್ದದ್ದು... ನಾನಾ?"

"ಮತ್ತಿನ್ಯಾರು?"

"ಆದರೆ ಅಮ್ಮ... ನನ್ನನ್ನ ಯಾರೂ ಕರೀಲೇ ಇಲ್ಲ!"

ಯೋಝಿತ್ಸಾಳ ಎರಡೂ ಕೈ ಸೊಂಟಕ್ಕೆ ಹೋದವು. ತಲೆ ಛಾವಣಿಯತ್ತ ತಿರುಗಿತು.

"ಗಾಶ್ಪೆರ್! ಲೋ ಗಾಶ್ಪೆರ್! ಇಬ್ಬರೂ ಬರ್ತೀವಿ ಅಂತ ನನ್ನ ಹತ್ರ ಕೊಚ್ಚಿಕೊಂಡೆಯಲ್ಲ, ಹುಡುಗಿಯನ್ನ ಒಂದು ಮಾತು ಕೇಳಿದ್ಯೇನೋ?"

ಇಡೀ ಅಂಗಳ ಮೇಲೆ ನೋಡಿತು. ಡೀನ್ ಸಾಹೇಬರೂ ಕಿಟಕಿಯಿಂದ ಇಣುಕಿದರು. ಮೇಲೆ ಗಿಡದ ಹಿಂದೆ ಗಾಶ್ಪೆರ್‌ನ ಮುಖ ಬೀಟ್‌ರೂಟಿನಂತಾಗಿತ್ತು.

"ಮರೆತೆ ಅಮ್ಮ!"

"ಮರೆತನಂತೆ! ಮದುವೆಗಾದ್ರೂ ಅವಳಿಗೆ ಹೇಳ್ತೀಯೋ, ಇಲ್ಲ ಅದನ್ನೂ ಮರೀತೀಯೋ?" ಎಂದು ಲೋಯ್ಜೆ ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲರೂ ನಕ್ಕರು.

ಬ್ರೀನಾ ನಗಲಿಲ್ಲ. ಕಾಗದದ ಪಟ್ಟಿಗಳನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದಳು. ಅವನು ಮುಚ್ಚಲು ಹೇಳಿದ್ದ ಗೋಡೆಯನ್ನು ದಾಟಿ, ಮೂರೂ ಮಹಡಿ ದಾಟಿ ಛಾವಣಿಗೆ ಬಂದಳು. ಏದುಸಿರು, ಕಣ್ಣ ತುಂಬ ನೀರು.

"ಹೇಗೆ ಮರೀತಾರೆ ಅದನ್ನ?"

ಅವನು ಗಿಡವನ್ನು ಬಿಡಲೂ ಆಗದೆ, ಹಿಡಿಯಲೂ ಆಗದೆ ನಿಂತಿದ್ದ.

"ಮನಸ್ಸಲ್ಲಿ ಎಷ್ಟೋ ಸಲ ಹೇಳ್ಕೊಂಡಿದ್ದೆ ಬ್ರೀನಾ. ತಿನ್ನೋವಾಗ, ಕಾರು ಓಡಿಸೋವಾಗ... ಎಲ್ಲದರ ಕೊನೆಗೂ 'ವಾ' ಅಂತಲೇ ಬರ್ತಿತ್ತು. ಅಮ್ಮ ಫೋನು ಮಾಡಿದಾಗ ಬಾಯಿಗೂ ಹಾಗೇ ಬಂತು. ಫೋನು ಇಟ್ಟ ಮೇಲೆ ಹೊಳೀತು, ಅಯ್ಯೋ, ಇವಳನ್ನ ಕೇಳೇ ಇಲ್ಲವಲ್ಲ ಅಂತ! ಮರುದಿನ ಕೇಳೋಕೆ ಬಂದ್ರೆ ನೀನು 'ನೀವು' ಅಂದೆ. ಈಮೇಲ್ ಮಾಡಿ ಅಂತಾನೂ ಅಂದೆ."

"ನಾನು ಆ ಫೋನು ಕೇಳಿಸಿಕೊಂಡೆ," ಅವಳು ಬಿಕ್ಕಿದಳು. "ಪ್ರಿದೇವಾ ಅಂದೆಯಲ್ಲ... ಬೇರೆ ಯಾವಳೋ ಇದ್ದಾಳೆ ಅಂದ್ಕೊಂಡೆ. ಅವಳ ಮೇಲೆ ಎಷ್ಟು ಹೊಟ್ಟೆ ಉರ್ಕೊಂಡೆ ಗೊತ್ತಾ? ಅವಳಿಗೆ ಶಾಪ ಕೂಡ ಹಾಕಿದೀನಿ!"

"ನಿನಗೆ ನೀನೇ?"

"ಹೂಂ!"

ಗಾಶ್ಪೆರ್ ನಗಲು ಹೋಗಿ ಅವನ ಕಣ್ಣೂ ತುಂಬಿತು.

"ಆ ಹಲಗೆ ಯಾಕೆ ಇಟ್ಕೊಂಡೆ?" ಮೆಲ್ಲಗೆ ಕೇಳಿದಳು.

"ನೀನು ಅದಕ್ಕೋಸ್ಕರ ಅತ್ತೆಯಲ್ಲ. ಎಸೆಯೋಕೆ ಮನಸ್ಸು ಬರಲಿಲ್ಲ. ಅವತ್ತಿಂದಲೇ ಇಷ್ಟ ಕಣೇ ನೀನು ನನಗೆ. ಹೇಳೋಕೆ ಬರದ ಮೊದ್ದು ನಾನು."

ಅವಳು ಹತ್ತಿರ ಬಂದು ಗಿಡಕ್ಕೆ ಪಟ್ಟಿ ಕಟ್ಟತೊಡಗಿದಳು. ಕೆಂಪು, ಹಳದಿ, ಬಿಳಿ. ಕೊನೆಯದು ನೀಲಿ. ಅದನ್ನು ಗಿಡಕ್ಕೆ ಕಟ್ಟಲಿಲ್ಲ. ಗಿಡ ಹಿಡಿದಿದ್ದ ಅವನ ಮಣಿಕಟ್ಟಿಗೆ ಕಟ್ಟಿದಳು.

"ನನಗೂ ನೀನಂದ್ರೆ ಇಷ್ಟ. ಮೊಟ್ಟೆ ಎರಡಾದ ದಿನದಿಂದ."

ಕೆಳಗಿನಿಂದ ಲೋಯ್ಜೆ ಅರಚಿದ. "ಸಾಕು ಇಳೀರಪ್ಪಾ, ಊಟ ಆರ್ತಾ ಇದೆ! ಗ್ರೇಮೋ! ಬ್ರೀನಾ, ನಿನ್ನ ರೈಲು?"

"ಯಾವ ರೈಲು ಮೇಸ್ತ್ರಿ?"

ಗಾಶ್ಪೆರ್ ಗಿಡವನ್ನು ಅದರ ಗೂಡಿಗೆ ಇಳಿಸಿ, ಬಿಗಿದು, ಅವಳೆದುರು ನೆಟ್ಟಗೆ ನಿಂತ.

"ನಾಳೆ ಶನಿವಾರ. ಅಮ್ಮ ಮತ್ತೆ ಮೊಸರು ಹೆಪ್ಪು ಹಾಕ್ತಾಳೆ. ಈ ಸಲ ಕೇಳ್ತಾ ಇದ್ದೀನಿ ನೋಡು, ಸರಿಯಾಗಿ ಕೇಳ್ತಾ ಇದ್ದೀನಿ." ಅವಳ ಕೈ ಹಿಡಿದ. "ಗ್ರೇವಾ?"

"ಎಲ್ಲಿಗೆ? ನಾನೂ ಬಂದೆ!" ಕೆಳಗಿನಿಂದ ಲೋಯ್ಜೆ.

"ಬೇಡ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು.

ಆಮೇಲೆ ಬ್ರೀನಾ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ಅಂದಳು.

"ಗ್ರೇವಾ."